ಮುಂಗೈ ಹಿಡಿಯುತ್ತಿದ್ದ ಬೀರವ್ವ ಆಯಿ

ಬೀರವ್ವ ಆಯಿ ಯಾರನ್ನಾದರೂ ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಮುಂಗೈ ಹಿಡಿಯುತ್ತಿದ್ದಳು. ಬಸ್ಸು ಹತ್ತಿದ ಮೇಲೆ ನಾನು ಟಿಕೆಟ್ ಕೊಡಲು ಕೈ ಚಾಚಿದರೆ ಟಿಕೆಟ್ ಬಿಟ್ಟು ನನ್ನ ಕೈಯನ್ನೇ ಹಿಡಿಯುವಳು. ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳು ಊರಿ ಕಣ್ಣು ಮುಚ್ಚಿಬಿಡುವಳು. ಹಿಂದೆ ನಲವತ್ತು ಮಂದಿ ಟಿಕೆಟ್ಟಿಗೆ ಕಾಯುತ್ತಿರಲಿ, ಯಾರದೋ ಕೂಸು ಅಳುತ್ತಿರಲಿ, ಆಕೆಗೆ ಅದರ ಖಬರೇ ಇರುತ್ತಿರಲಿಲ್ಲ.

"ಆಯಿ, ಕೈ ಬಿಡ. ಮಂದಿ ಬೈತಾರ."

"ಬೈಲಿ ತಗೋ. ಬೈಯೂ ಮಂದಿಗೂ ನಾಡಿ ಇರ್ತೈತಿ. ಅವರದೂ ನೋಡ್ತೇನಿ, ಮೊದಲ ನಿಂದು ಮುಗೀಲಿ."

ನಾನು ಕಂಡಕ್ಟರ್ ಸುವರ್ಣಾ. ಹುಟ್ಟಿದ್ದು ಸಾಲೋಟಗಿಯಲ್ಲಿ, ಡಿಪೋ ಇಂಡಿ. ಇಂಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಗಾಡಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ವಿಜಯಪುರ ದಾಟಿ ಮನಗೂಳಿ, ಬಸವನ ಬಾಗೇವಾಡಿ ಮೇಲೆ ಹಾದು ಹೋಗುವ ಆ ದಾರಿಯ ಒಂದೊಂದು ತಗ್ಗೂ ನನ್ನ ಸೊಂಟಕ್ಕೆ ಗೊತ್ತು. ನನ್ನ ಬಾಯಿ ಜೋರು ಎಂದು ಡಿಪೋದಲ್ಲಿ ಹೆಸರಾಗಿದೆ. ಜೋರು ಇರದಿದ್ದರೆ ಸಂತೆಯ ದಿನ ಸಿಂದಗಿ ಗಾಡಿ ತಪ್ಪಿಸಿಕೊಂಡು ಬಂದ ಮಂದಿಯನ್ನೆಲ್ಲ ಒಳಗೆ ತುಂಬಿ ಬಾಗಿಲು ಹಾಕುವುದು ಯಾರ ಕೈಲಾಗುತ್ತದೆ ಹೇಳಿ. ಅಂಥ ನನ್ನ ಬಾಯಿಯನ್ನು ಮುಚ್ಚಿಸುತ್ತಿದ್ದವಳು ಮನಗೂಳಿಯ ಈ ಮುದುಕಿ ಒಬ್ಬಳೇ.

ಆಕೆ ಕುರಿ ಕಾಯುವ ಮನೆತನದವಳು. ಎತ್ತರದ ಒಣ ಮೈ, ಮಾಸಿದ ಇಳಕಲ್ ಸೀರೆ, ಹಣೆಯ ಮೇಲೆ ಅಂಗೈಯಗಲ ಭಂಡಾರದ ಅರಿಶಿನ, ಹೆಗಲಿಗೆ ಬೇಸಿಗೆಯಲ್ಲೂ ಕಂಬಳಿ. ಹತ್ತಿರ ಬಂದರೆ ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೆಂಗಸರ ಟಿಕೆಟ್ಟು ಬಿಟ್ಟಿಯಾದ ಮೇಲೆ ಆಧಾರ್ ಕಾರ್ಡು ತೋರಿಸಬೇಕಲ್ಲ, ಅದನ್ನು ಆಕೆ ಎಲೆಯಡಿಕೆಯ ಸಂಚಿಯಲ್ಲಿ ಇಡುತ್ತಿದ್ದಳು. ಸುಣ್ಣ ಹತ್ತಿ ಹತ್ತಿ ಫೋಟೋದ ಮುಖವೇ ಅಳಿಸಿಹೋಗಿತ್ತು. ಹೊಸದು ಮಾಡಿಸು ಎಂದರೆ, "ನಾನ ಎದುರಿಗೆ ನಿಂತೇನಿ, ಫೋಟೋ ಯಾಕ ಬೇಕ ನಿನಗ?" ಎನ್ನುತ್ತಿದ್ದಳು. ಮೈಯಲ್ಲಿ ಚೆಂದವಿದ್ದದ್ದು ಬೆರಳುಗಳು ಮಾತ್ರ. ಎಣ್ಣೆ ಕುಡಿದು ಹೊಳೆಯುತ್ತಿದ್ದ ಉದ್ದನೆಯ ಬೆರಳು.

ಆ ಬೆರಳಿನಿಂದಲೇ ಆಕೆ ಬಟ್ಟಿ ಕೂಡಿಸುತ್ತಿದ್ದಳು. ನಮ್ಮ ಕಡೆ ಭಾರ ಎತ್ತಿದವರಿಗೆ, ಕಾಲು ಜಾರಿದವರಿಗೆ ಹೊಟ್ಟೆ ನುಲಿದು ನೋವು ಬಂದರೆ ಬಟ್ಟಿ ಸರಿದಿದೆ ಎನ್ನುತ್ತೇವೆ. ಹೊಕ್ಕುಳ ಮೇಲೆ ಬೆರಳಿಟ್ಟರೆ ತಟತಟ ಬಡಿಯುವುದೊಂದಿದೆಯಲ್ಲ, ಅದು ನಟ್ಟನಡುವೆ ಇರಬೇಕು, ಜರುಗಿದರೆ ಜಡ್ಡು ಎಂಬ ನಂಬಿಕೆ. ಮುಂಜಾನೆ ಬರಿಹೊಟ್ಟೆಯಲ್ಲಿ ಹೋಗಿ ಅಂಗಾತ ಮಲಗಬೇಕು. ಆಯಿ ಎಣ್ಣೆ ಸವರಿ ಸುತ್ತಲಿನಿಂದ ಹೊಕ್ಕುಳದ ಕಡೆಗೆ ತಿಕ್ಕಿ ತರುತ್ತಿದ್ದಳು. ಕಡೆಗೆ ಹೊಟ್ಟೆಯ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಹಿತ್ತಾಳೆ ಚರಗಿ ಕವುಚಿದರೆ ಅದು ಚರ್ಮ ಕಚ್ಚಿ ಹಿಡಿಯುತ್ತಿತ್ತು. ಚರಗಿ ತಾನಾಗಿ ಬಿಟ್ಟಾಗ ಬಟ್ಟಿ ಕೂತಿತು ಎಂದು ಲೆಕ್ಕ. ಇದು ವೈದ್ಯವೋ ಅಲ್ಲವೋ ನಾನು ವಾದಿಸುವುದಿಲ್ಲ. ಬಸ್ಸಿನಿಂದ ಧುಮುಕಿ ಧುಮುಕಿ ನನಗೂ ಎರಡು ಸಲ ಸರಿದಿತ್ತು, ಎರಡು ಸಲವೂ ಆಕೆ ತಿಕ್ಕಿದ ಮೇಲೆ ಹಾಯೆನಿಸಿತ್ತು. ಪ್ರತಿಯಾಗಿ ಆಕೆ ತೆಗೆದುಕೊಳ್ಳುತ್ತಿದ್ದದ್ದು ಒಂದು ಎಲೆ, ಒಂದು ಅಡಿಕೆ.

ಆದರೆ ಎರಡು ನೇಮವಿತ್ತು. ನಾಡಿ ನೋಡದೆ ಹೊಟ್ಟೆ ಮುಟ್ಟುತ್ತಿರಲಿಲ್ಲ. ಎಡಗಡೆ ಪಕ್ಕೆಲುಬಿನ ಕೆಳಗಂತೂ ಕೈಯನ್ನೇ ಒಯ್ಯುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಅದು ನಂದಲ್ಲ" ಎನ್ನುವಳು. ಅಷ್ಟೇ. ಮುದುಕಿಯ ಏನೋ ಮಡಿ ಇರಬೇಕು ಎಂದು ನಾನು ಬಿಟ್ಟಿದ್ದೆ.

ನಾಲ್ಕೈದು ವರ್ಷದ ಹಿಂದಿನ ಮಾತು. ಇಂಡಿಯಲ್ಲಿ ನಿಂಬೆಹಣ್ಣಿನ ಚೀಲಗಳನ್ನು ಯಾರೋ ಬಸ್ಸಿನ ನಡುದಾರಿಯಲ್ಲೇ ಒಟ್ಟಿದ್ದರು. ಒಡೆಯ ಎಲ್ಲೋ ಚಹಾ ಕುಡಿಯುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿ ನಾನೇ ಎರಡು ಚೀಲ ಎಳೆದು ಹಿಂದೆ ಹಾಕಿದೆ. ಮರುದಿನ ಮುಂಜಾನೆ ಗಾಡಿ ಮನಗೂಳಿ ಮುಟ್ಟುವ ಹೊತ್ತಿಗೆ, ನಿಲ್ಲಿಸಲು ಸೀಟಿ ಹೊಡೆಯೋಣವೆಂದು ಉಸಿರು ಎಳೆದುಕೊಂಡೆ ನೋಡಿ, ಎಡಪಕ್ಕೆಯಲ್ಲಿ ಯಾರೋ ಕುಡುಗೋಲು ಹಾಕಿ ತಿರುವಿದಂತಾಯಿತು. ಸೀಟಿ ಬಾಯಿಂದ ಬಿತ್ತು. ಉಸಿರು ಅರ್ಧಕ್ಕೇ ನಿಂತಿತು. ಎಡಹೆಗಲಿನ ತುದಿಯಲ್ಲೂ ಜಗ್ಗಿದಂತೆ ನೋವು.

"ಏನಾತ್ರಿ ಅಕ್ಕಾರ?" ಎಂದ ಡ್ರೈವರ್ ಮಹಾಂತೇಶ.

"ನಿನ್ನಿ ಚೀಲ ಜಗ್ಗಿದ್ನಲ್ಲ, ಬಟ್ಟಿ ಸರದೈತಿ."

"ಹೆಗಲ ಯಾಕ ಹಿಡಕೊಂಡೀರಿ?"

"ಇದು ಬ್ಯಾಗಿನ ಪಟ್ಟಿದು."

ಹೀಗೆ ಎರಡೂ ನೋವಿಗೆ ನಾನೇ ಕಾರಣ ಹುಡುಕಿ ಫೈಸಲಾ ಮಾಡಿಬಿಟ್ಟೆ. ಮನಗೂಳಿಯಲ್ಲಿ ಚಹಾಕ್ಕೆ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು. ಸ್ಟ್ಯಾಂಡಿನ ಹಿಂದೆಯೇ ಆಯಿಯ ಮನೆ. ಓಡುತ್ತ ಹೋಗಿ ಕಂಬಳಿಯ ಮೇಲೆ ಅಡ್ಡಾದೆ. "ಲಗೂ ತಿಕ್ಕ ಆಯಿ, ಗಾಡಿ ನಿಂತೈತಿ."

ಆಕೆ ಮುಂಗೈ ಹಿಡಿದಳು. ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ಬಿಡಲೊಲ್ಲಳು. ಆ ಕೈ ಬಿಟ್ಟು ಈ ಕೈ ಹಿಡಿದಳು. ಅವಳ ಸೊಸೆ ಶಾಂತಾ ಎಣ್ಣೆಯ ಬಟ್ಟಲು ತಂದು ಪಕ್ಕದಲ್ಲಿಟ್ಟಳು. ಆಯಿ ಅದನ್ನು ಕಾಲಿನಿಂದ ದೂರ ಸರಿಸಿದಳು.

"ನೋವು ಹೊಕ್ಕಳದಾಗ ಐತೋ ಪಕ್ಕಿಯಾಗ ಐತೋ?"

"ಪಕ್ಕಿಯಾಗ. ಎಡಗಡೆ."

"ಉಸರ ಜಗ್ಗಿದರ?"

"ಜೀವ ಹೋಗ್ತೈತಿ."

"ಹೆಗಲ?"

"ಅದೂ ನೋಯಾಕತ್ತೈತಿ. ಬ್ಯಾಗಿನ ಪಟ್ಟಿದು ಅದು."

"ಪಟ್ಟಿ ಎಷ್ಟೋ ವರ್ಸದಿಂದ ಹೆಗಲ ಮ್ಯಾಲ ಐತಿ. ನೋವು ಇವತ್ತ ಬಂದೈತಿ. ಏಳ ಮ್ಯಾಲ. ನಾ ಮುಟ್ಟಂಗಿಲ್ಲ. ಇದು ಬಟ್ಟಿ ಅಲ್ಲ, ತಿಲ್ಲಿ."

ತಿಲ್ಲಿ ಎಂದರೆ ನಮ್ಮ ಕಡೆ ಮಾಂಸದ ಅಂಗಡಿಯವರಿಗೆ ಗೊತ್ತಿರುವ ಮಾತು. ಕುರಿಯ ಹೊಟ್ಟೆಗೆ ಅಂಟಿಕೊಂಡು ನಾಲಿಗೆಯಂತೆ ಚಪ್ಪಟೆಯಾಗಿ, ಕಪ್ಪು ಕೆಂಪಾಗಿ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಅದನ್ನು ಗುಲ್ಮ ಎನ್ನುತ್ತಾರೆ. ನನ್ನನ್ನು ಕುರಿಯೊಂದಿಗೆ ಹೋಲಿಸಿದಳಲ್ಲ ಎಂದು ನನಗೆ ರೇಗಿತು. ಆಕೆ ಮತ್ತೂ ಹೋಲಿಸಿದಳು. "ನಿನ್ನ ನಾಡಿ ಕುಂಟಾಕತ್ತೈತಿ. ಕಾಲಾಗ ಮುಳ್ಳು ಮುರದ ಕುರಿ ಹಂಗ. ಎರಡು ಹೆಜ್ಜಿ ಓಡ್ತೈತಿ, ಒಂದು ತಪ್ಪಿಸ್ತೈತಿ, ಮತ್ತ ಮೂರು ಓಡ್ತೈತಿ. ಇಂಥಾ ನಾಡಿ ಇಟಗೊಂಡು ಹೊಟ್ಟಿ ತಿಕ್ಕಿಸಿಕೊಳ್ಳಾಕ ಬಂದೀದಿ? ದೊಡ್ಡ ದವಾಖಾನಿಗೆ ಹೋಗ."

"ಡ್ಯೂಟಿ ಬಿಟ್ಟು ಎಲ್ಲಿ ಹೋಗ್ಲಿ? ನೀ ಸುಮ್ನ ತಿಕ್ಕ," ಎಂದು ನಾನೇ ಆಕೆಯ ಕೈ ಎಳೆದು ಎಡಪಕ್ಕೆಯ ಮೇಲೆ ಇಟ್ಟುಕೊಂಡೆ. ಕಾದ ಹಂಚು ಮುಟ್ಟಿದವರ ಹಾಗೆ ಆಕೆ ಕೈ ಕಿತ್ತುಕೊಂಡಳು. ಹಿಂದೆ ಸರಿದು ಗೋಡೆಗೆ ಆನಿಕೊಂಡಳು. ಅಂಥ ಗಟ್ಟಿ ಹೆಂಗಸು ಹಿಂದೆ ಸರಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿದರೂ ನನಗೆ ಬುದ್ಧಿ ಬರಲಿಲ್ಲ. "ಬ್ಯಾಡಂದ್ರ ಬಿಡು, ನಿನ್ನ ಹಂಗ ಊರಾಗ ಹತ್ತು ಮಂದಿ ಅದಾರ" ಎಂದು ಬೈದು ಬಸ್ಸು ಹತ್ತಿದೆ.

ಬಾಗೇವಾಡಿಯಲ್ಲಿ ಗಾಡಿ ನಿಂತಾಗ ಸ್ಟ್ಯಾಂಡಿನ ಎದುರಿನ ಒಬ್ಬ ಡಾಕ್ಟರ ಹತ್ತಿರ ಓಡಿದೆ. ಅವರು ಏನು ಕೇಳುವುದಕ್ಕೂ ಮೊದಲೇ ನಾನು ಹೇಳಿಬಿಟ್ಟೆ: "ನಿನ್ನಿ ಮಿರ್ಚಿ ಭಜಿ ತಿಂದೇನ್ರಿ, ಭಾರ ಎತ್ತೇನ್ರಿ, ಹೆಗಲು ಬ್ಯಾಗಿನ ಪಟ್ಟಿದ್ರಿ." ಹೊರಗೆ ಬಸ್ಸಿನ ಹಾರ್ನು ಬೇರೆ. ಗ್ಯಾಸಿಗೊಂದು ಇಂಜೆಕ್ಷನ್ನು, ಒಂದು ಬಿಳಿ ಔಷಧದ ಬಾಟಲಿ ಸಿಕ್ಕಿತು. ಆಯಿ ಹೇಳಿದ ಕುಂಟು ನಾಡಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಟ್ಟಿ ತಿಕ್ಕುವ ಮುದುಕಿಯ ಮಾತನ್ನು ಕಲಿತವರ ಮುಂದೆ ಹೇಗೆ ಹೇಳುವುದೆಂದು ನಾಚಿ ನುಂಗಿಕೊಂಡೆ. ತಪ್ಪು ಆ ಡಾಕ್ಟರದಲ್ಲ, ಪೂರಾ ನನ್ನದು.

ರಾತ್ರಿ ಗಾಡಿಯ ವಸತಿ ಮುದ್ದೇಬಿಹಾಳದಲ್ಲಿ. ಮರುದಿನ ಬೆಳಗಾಗುವ ಹೊತ್ತಿಗೆ ಜ್ವರ. ಎರಡು ಸಲ ವಾಂತಿ. ಎಡಮಗ್ಗುಲಾಗಿ ಮಲಗಲಾರೆ, ಕೆಮ್ಮಲಾರೆ, ನಗಲಂತೂ ಆಗದು. ಆದರೂ ಡ್ಯೂಟಿ ಬಿಡಲಿಲ್ಲ ಎನ್ನುವುದನ್ನು ಈಗ ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದ ಹೇಳುತ್ತಿದ್ದೇನೆ. ಮಹಾಂತೇಶ ನನ್ನ ಬದಲಿಗೆ ತಾನೇ ಬಾಯಿಂದ ರೈಟ್ ಹೇಳಿಕೊಂಡು ಗಾಡಿ ಓಡಿಸಿದ. ಬಾಗೇವಾಡಿ ದಾಟಿ ಮನಗೂಳಿಗೆ ಬಂದರೆ ರಸ್ತೆಯ ನಡುವೆಯೇ ಆಯಿ ನಿಂತಿದ್ದಾಳೆ! ಹೆಗಲಿಗೆ ಕಂಬಳಿ, ಕೈಯಲ್ಲಿ ಸಂಚಿ. ಹಿಂದೆ ಬುತ್ತಿಗಂಟು ಹಿಡಿದ ಶಾಂತಾ.

ಆಯಿ ಹತ್ತಿದವಳೇ ನನ್ನ ಸೀಟಿನ ಪಕ್ಕ ಕುಂತು ಮುಂಗೈ ಹಿಡಿದಳು. "ಡ್ರಾಯವರಾ, ಬಿಜಾಪುರ ತನಕ ಎಲ್ಲೂ ನಿಂದರಿಸಬ್ಯಾಡ."

"ಆಯಿ, ಇದು ಸರಕಾರಿ ಗಾಡಿ," ಎಂದೆ ನರಳುತ್ತ.

"ಸರಕಾರಕ್ಕ ನಾ ಹೇಳ್ತೇನಿ. ನೀ ಬಾಯಿ ಮುಚ್ಚ."

ಮಹಾಂತೇಶ ನಿಜವಾಗಿಯೂ ಎಲ್ಲೂ ನಿಲ್ಲಿಸಲಿಲ್ಲ. ಒಳಗಿದ್ದ ಮಂದಿ ಒಬ್ಬರೂ ತಕರಾರು ಮಾಡಲಿಲ್ಲ. ಆಯಿ ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಗಾಡಿ ಜಿಗಿದಾಗಲೆಲ್ಲ ಇನ್ನೊಂದು ಕೈಯಿಂದ ಕಂಬಳಿಯನ್ನು ನನ್ನ ಪಕ್ಕೆಗೆ ಆನಿಸಿ ಹಿಡಿಯುತ್ತಿದ್ದಳು, ಒತ್ತುತ್ತಿರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ ಇದ್ದರು. ಆಯಿ ನನಗೆ ಬಾಯಿ ಬಿಡಲು ಕೊಡದೆ ಹೇಳಿದಳು: "ಇಕಿ ತಿಲ್ಲಿಗೆ ಏನೋ ಆಗೇತ್ರಿ. ನಾಡಿ ಕುಂಟತೈತಿ. ಮೊದಲ ಅದನ್ನ ನೋಡ್ರಿ, ಹೊಟ್ಟಿ ಜೋರಲೆ ಒತ್ತಬ್ಯಾಡ್ರಿ." ಡಾಕ್ಟರಮ್ಮ ನಕ್ಕರು. ನಗುತ್ತಲೇ ನನ್ನ ಮುಂಗೈ ಹಿಡಿದರು. ನಗು ಅಲ್ಲಿಗೇ ನಿಂತಿತು. ಎದೆಗೆ ವೈರು ಹಚ್ಚಿ ಕಾಗದ ತೆಗೆದರು. ಮಶೀನು ಗೀಚಿದ ಗೆರೆಗಳೂ ಹಾಗೇ, ಎರಡು ಹತ್ತಿರ, ಒಂದು ದೂರ, ಮತ್ತೆ ಮೂರು ಹತ್ತಿರ. ಆಯಿ ಆ ಕಾಗದ ಇಸಿದುಕೊಂಡು ನೋಡಿ, "ಇದನ್ನ ಹೇಳಿದ್ದೆ ನಾ" ಎಂದಳು.

ಹೊಟ್ಟೆಯ ಸ್ಕ್ಯಾನ್ ಆಯಿತು. ಮೊದಲನೆಯದರಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ನರಕ್ಕೆ ಔಷಧ ಬಿಟ್ಟು, ದೊಡ್ಡ ಉಂಗುರದಂಥ ಮಶೀನಿನಲ್ಲಿ ಮಲಗಿಸಿ ಮಾಡಿದ ಎರಡನೆಯದರಲ್ಲಿ ಸಿಕ್ಕಿತು. ಡಾಕ್ಟರಮ್ಮ ಪರದೆ ತೋರಿಸಿದರು. ಬೆಳ್ಳಗೆ ಕಾಣುವ ಗುಲ್ಮದ ಅಂಚಿನಲ್ಲಿ, ಕಲ್ಲಂಗಡಿಯ ಹೋಳು ಕೊಯ್ದು ತೆಗೆದಂತೆ ಮೂರು ಮೂಲೆಯ ಒಂದು ಕಪ್ಪು ತುಣುಕು.

"ಇಷ್ಟು ಭಾಗಕ್ಕ ರಕ್ತ ಹೋಗಿಲ್ರಿ, ಅದಕ್ಕ ಸತ್ತೈತಿ," ಎಂದರು. "ನಿಮ್ಮ ಕಡೆ ಕಾಲುವಿ ಅದಾವಲ್ರಿ? ಒಂದು ತೂಬಿಗೆ ಕಸ ಸಿಕ್ಕರ ಅದರ ಕೆಳಗಿನ ಹೊಲ ಅಷ್ಟ ಒಣಗತೈತಿ. ಹಂಗ ಇದು. ಅದಕ್ಕ ಒಮ್ಮಿಂದೊಮ್ಮೆ ನೋವು, ಅದಕ್ಕ ಜ್ವರ, ವಾಂತಿ. ತಿಲ್ಲಿ ಮ್ಯಾಲಿನ ಪರದಿ ಕೆರಳಿದ್ರ ನೋವು ಹೆಗಲಿನ್ಯಾಗ ಕಾಣ್ತೈತಿ. ಬ್ಯಾಗಿನ ಪಟ್ಟಿದಲ್ಲ."

ಕಸ ಎಲ್ಲಿಂದ ಬಂತು ಎನ್ನುವುದೇ ಮುಂದಿನ ಹುಡುಕಾಟ. ಎರಡು ದಿನ ರಕ್ತ ತೆಗೆದದ್ದೇ ತೆಗೆದದ್ದು. ಮಲೇರಿಯಾ ಬಂದಿತ್ತೇ, ರಕ್ತದ ಕಣಗಳು ಲೆಕ್ಕ ಮೀರಿ ಹುಟ್ಟುತ್ತಿವೆಯೇ, ಕೆಂಪು ಕಣಗಳು ಕುಡುಗೋಲಿನಂತೆ ಬಾಗಿವೆಯೇ, ಹೃದಯದ ಕವಾಟಕ್ಕೆ ಸೋಂಕು ತಗಲಿದೆಯೇ, ರಕ್ತವೇ ಸುಮ್ಮಸುಮ್ಮನೆ ಹೆಪ್ಪುಗಟ್ಟುವ ಜಾತಿಯದೇ ಎಂದು ಒಂದೊಂದನ್ನೇ ನೋಡಿ ಬಿಟ್ಟರು. ಎಷ್ಟು ಸಲ ಗರ್ಭ ಇಳಿದಿದೆ ಎಂದು ಕೇಳಿದಾಗ ನನಗೆ ಸಿಟ್ಟು ಬಂತು. ಅದಕ್ಕೂ ಇದಕ್ಕೂ ನಂಟಿದೆಯಂತೆ. ಕಡೆಗೆ ಹೃದಯದ ಡಾಕ್ಟರು ಬಂದು ಎದೆಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿ ನೋಡಿದರು. "ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತೇನ್ರಿ?" ಎಂದರು.

ಬಂದಿತ್ತು. ನಾಲ್ಕನೆಯ ಈಯತ್ತೆಯಲ್ಲಿದ್ದಾಗ ಮೊದಲು ಗಂಟಲು, ಆಮೇಲೆ ಮೊಣಕಾಲು, ಅದು ಇಳಿದರೆ ಹಿಮ್ಮಡಿ. ಅಜ್ಜಿ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದ್ದಳು. ಆ ಜ್ವರ ನನ್ನ ಹೃದಯದ ಒಂದು ಕವಾಟವನ್ನು ಅಂದೇ ಕೆಡಿಸಿಟ್ಟು ಹೋಗಿತ್ತು. ಕವಾಟ ಇಕ್ಕಟ್ಟಾಗಿ, ಹಿಂದಿನ ಕೋಣೆ ಹಿಗ್ಗಿ, ಬಡಿತ ತಾಳ ತಪ್ಪಿ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಅದರ ಒಂದು ಚೂರು ತಿಲ್ಲಿಗೆ ಹೋಗಿ ಕೂತಿತ್ತು. ಬಸ್ಸಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದಕ್ಕೆ ನಾನು ನನ್ನ ತೂಕವನ್ನು ಬೈದುಕೊಂಡಿದ್ದೆ. "ಚೂರು ತಿಲ್ಲಿಗೆ ಹೋಗಿದ್ದು ನಿಮ್ಮ ಪುಣ್ಯಾರಿ. ಮಿದುಳಿಗೆ ಹೋಗಿದ್ರ ಅರ್ಧ ಮೈ ಬೀಳ್ತಿತ್ತು. ಇನ್ನ ಹೊತ್ತು ಮಾಡಿದ್ರ ಮುಂದಿನ ಚೂರು ಎಲ್ಲಿ ಹೋಗ್ತಿತ್ತೋ ಯಾರು ಬಲ್ಲರು," ಎಂದರು. ಗುಲ್ಮ ತೆಗೆಯುವ ಜರೂರಿಲ್ಲ, ಸತ್ತ ಭಾಗ ಕಲೆಯಾಗಿ ಮಾಯುತ್ತದೆ, ರಕ್ತ ತಿಳಿ ಮಾಡುವ ಗುಳಿಗೆ ಮಾತ್ರ ತಪ್ಪಿಸುವಂತಿಲ್ಲ ಎಂದೂ ಹೇಳಿದರು.

ಆಯಿ ಆ ಎರಡು ದಿನವೂ ವರಾಂಡದಲ್ಲಿ ಕಂಬಳಿ ಹಾಸಿ ಕುಂತಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, "ನಿನಗ ಹೆಂಗ ಗೊತ್ತಾತ ಆಯಿ?" ಎಂದು ಕೇಳಿದೆ. ಆಕೆ ಬಾಯಲ್ಲಿದ್ದ ಎಲೆ ಉಗುಳಿ ಬಂದು ಹತ್ತಿರ ಸರಿದು ಕುಂತಳು.

"ನನಗ ಒಬ್ಬಾಕಿ ತಂಗಿ ಇದ್ಲು, ಲಗಮವ್ವ. ಚಳಿಜ್ವರ ಬಂದು ಬಂದು ಹೊಟ್ಟಿ ಎಡಕ್ಕ ಗಡ್ಡಿ ಹಂಗ ಬಾತಿತ್ತು. ನಾ ಆಗಷ್ಟ ನಮ್ಮ ಅತ್ತಿ ಕಡಿಂದ ಬಟ್ಟಿ ಕಲತಿದ್ದೆ. ದೊಡ್ಡ ಶಾಣೆ ಅನಕೊಂಡಿದ್ದೆ ನಾ. ಅಕ್ಕಾ ನೋಯತೈತಿ ಬಿಡ ಅಂದ್ಲು. ತಡಿ, ಈಗ ಕೂಡತೈತಿ ಅಂತ ತಿಕ್ಕಿದೆ. ಒಳಗ ಏನೋ ಒಡೀತು. ಮಾರಿ ಬೆಳ್ಳಗಾತು. ಈ ಕೈಲೆ ನಾಡಿ ಹಿಡದಿದ್ದೆ, ಓಡಿ ಓಡಿ ಸಣ್ಣಾಗಿ ನಿಂತ ಹೋತು. ಬಂಡಿ ಹೂಡೂದರಾಗ ಮುಗೀತು." ಆಕೆ ತನ್ನ ಬೆರಳು ನೋಡಿಕೊಂಡಳು. "ಅವತ್ತಿಂದ ನಾಡಿ ಕೇಳಲಾರದ ಯಾರ ಹೊಟ್ಟಿ ಮ್ಯಾಲೂ ಕೈ ಇಟ್ಟಿಲ್ಲ. ಎಡಕ್ಕ ಒಯ್ದ ಇಲ್ಲ. ಮೊನ್ನಿ ನೀ ನನ್ನ ಕೈ ಜಗ್ಗಿ ಅಲ್ಲೇ ಇಟ್ಟೆಲ್ಲ, ಲಗಮವ್ವನ ಬಂದಂಗ ಆತು ನನಗ."

ನಾನು ಅತ್ತುಬಿಟ್ಟೆ. ಅಳುವಾಗ ಪಕ್ಕೆ ನೋಯಿತು. "ಅಳಬ್ಯಾಡ, ನೋಯತೈತಿ" ಎಂದು ಆಕೆ ಮತ್ತೆ ಮುಂಗೈ ಹಿಡಿದಳು.

ಆರು ತಿಂಗಳು ಡಿಪೋದಲ್ಲಿ ಕುಂತು ಮಾಡುವ ಕೆಲಸ ಕೊಟ್ಟರು. ಕವಾಟವನ್ನು ಬಲೂನಿನಿಂದ ಹಿಗ್ಗಿಸಿದರು. ಮತ್ತೆ ರೂಟಿಗೆ ಬಂದ ಮೇಲೆ ಮನಗೂಳಿಯಲ್ಲಿ ಒಂದು ಹೊಸ ರಿವಾಜು ಶುರುವಾಯಿತು. ಗಾಡಿ ನಿಂತ ಕೂಡಲೇ ಆಯಿ ಕಿಟಕಿಯ ಕೆಳಗೆ ಬಂದು ಕೈ ಎತ್ತುವಳು, ನಾನು ಮುಂಗೈ ಹೊರಗೆ ಚಾಚಬೇಕು. ಕಣ್ಣು ಮುಚ್ಚಿ, ಎಣಿಸಿ, ಒಂದೇ ಮಾತು: "ಕುಂಟತೈತಿ, ಆದ್ರ ನಡೀತೈತಿ. ಹೋಗ." ಆಮೇಲೆ ಗುಳಿಗೆಯ ವಿಚಾರಣೆ, ತಿಂಗಳ ರಕ್ತಪರೀಕ್ಷೆಯ ವಿಚಾರಣೆ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದೆ. ಇಡೀ ಬಸ್ಸಿಗೆ ಕೇಳುವಂತೆ ಬೈದಳು. ಮಂದಿ ನಕ್ಕರು. ಟಿಕೆಟ್ಟಿಲ್ಲದವರನ್ನು ನಾನು ಬೈಯುವಾಗ ಮುಖ ಬಾಡಿಸಿಕೊಂಡಿದ್ದವರೆಲ್ಲ ಅಂದು ಬಹಳ ಖುಷಿಯಾಗಿದ್ದರು.

ಆಮೇಲೆ, ಕಳೆದೊಂದು ವರ್ಷದಲ್ಲಿ ಆಯಿ ಬದಲಾದಳು. ಯಾರು ಬಂದರೂ ಮುಂಗೈ ಹಿಡಿಯುವಳು, ಕಣ್ಣು ಮುಚ್ಚುವಳು, "ಬಟ್ಟಿ ಅಲ್ಲ, ದವಾಖಾನಿಗೆ ಹೋಗ್ರಿ" ಎನ್ನುವಳು. ಒಬ್ಬರ ಹೊಟ್ಟೆಯನ್ನೂ ಮುಟ್ಟಲೊಲ್ಲಳು. ಮುದುಕಿಗೆ ಅರಳುಮರಳು ಎಂದರು ಕೆಲವರು. ದವಾಖಾನೆಯವರ ಕಡೆಯಿಂದ ಏನೋ ಬರುತ್ತದೆ ಎಂದರು ಇನ್ನು ಕೆಲವರು. ನಾಲತವಾಡದಿಂದ ನನ್ನ ನಾದಿನಿ ಅಷ್ಟು ದೂರ ಬಸ್ಸಿನಲ್ಲಿ ಬಂದಿದ್ದಳು, ಅವಳನ್ನೂ ಕಳಿಸಿದಳು. ದವಾಖಾನೆಯಲ್ಲಿ ಏನೂ ಇಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. "ಏನ್ ಹಚ್ಚೀದಿ ಆಯಿ ನೀ? ಸುಮ್ಮಸುಮ್ಮನ ಮಂದಿ ತಿರುಗಿಸ್ತಿ. ಮಂದಿ ಏನೇನ್ ಅಂತಾರ ಗೊತ್ತೈತೇನು?" ಎಂದು ಕಿಟಕಿಯಿಂದಲೇ ದಬಾಯಿಸಿದೆ. ಆಕೆ, "ಅಂದುಕೊಳ್ಳಲಿ ತಗೋ" ಎಂದಳು. ಹಿಂದಿನ ಆಯಿಯಾಗಿದ್ದರೆ ತಿರುಗಿ ಹತ್ತು ಮಾತು ಅನ್ನುತ್ತಿದ್ದಳು.

ಕಡೆಯ ಭೇಟಿಯನ್ನು ಹೇಳಬೇಕು. ಆ ವಾರ ವಿಜಯಪುರದಲ್ಲಿ ಹೃದಯದ ಡಾಕ್ಟರು ನನ್ನ ಎದೆಗೆ ಕರೆಂಟಿನ ಒಂದು ಪೆಟ್ಟು ಕೊಟ್ಟು ಬಡಿತವನ್ನು ತಾಳಕ್ಕೆ ತಂದಿದ್ದರು. ಮಶೀನಿನ ಕಾಗದದಲ್ಲಿ ಗೆರೆಗಳು ಸರಿಯಾಗಿ ಸಾಲುಗಟ್ಟಿದ್ದವು. ನನಗೋ ಹಬ್ಬ. ಮೊದಲು ಆಯಿಗೆ ತಿಳಿಯಲಿ, ತಾನಾಗಿಯೇ ಬೆರಳಿನಲ್ಲಿ ಕಂಡುಕೊಂಡು ಬೆರಗಾಗಲಿ ಎಂದು ಬಾಯಿ ಬಿಗಿಹಿಡಿದು, ಮನಗೂಳಿಯಲ್ಲಿ ಕೈ ಹೊರಗೆ ಚಾಚಿದೆ. ಆಕೆ ಹಿಡಿದಳು. ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆಗಳಿದ್ದವು. ರೊಟ್ಟಿ ಮಾಡುವಾಗ ಆಗಿರಬೇಕು ಎಂದುಕೊಂಡೆ. ಕಣ್ಣು ಮುಚ್ಚಿ, ಎಂದಿನಷ್ಟೇ ಹೊತ್ತು ತೆಗೆದುಕೊಂಡು ಹೇಳಿದಳು:

"ಕುಂಟತೈತಿ, ಆದ್ರ ನಡೀತೈತಿ. ಹೋಗ."

ನಾನು ಚಪ್ಪಾಳೆ ತಟ್ಟಿ ನಕ್ಕೆ. "ಆಯಿ, ತಪ್ಪಿದಿ! ಸರಿ ಆಗೈತಿ ನಂದು. ಡಾಕ್ಟರ ಮಶೀನ್ ಹಚ್ಚಿ ನೋಡ್ಯಾರ. ಕೇಳ್ರೆಪಾ ಎಲ್ಲಾರೂ, ಇವತ್ತ ಬೀರವ್ವ ಆಯಿ ತಪ್ಪಿದ್ಲು!" ಬಸ್ಸಿನಲ್ಲಿದ್ದವರು ನಕ್ಕರು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಹೌದೇನ? ಸರಿ ಆತೇನ? ಚಲೋ ಆತು ನನ್ನವ್ವ, ಭಾಳ ಚಲೋ ಆತು" ಎಂದು ನಕ್ಕಳು. ಕಣ್ಣು ತುಂಬಿದ್ದವು. ಖುಷಿಗೆ ಇರಬೇಕೆಂದುಕೊಂಡು ನಾನು ಮಹಾಂತೇಶನಿಗೆ ರೈಟ್ ಹೇಳಿದೆ.

ಆಮೇಲೆ ಹದಿನೈದು ದಿನ ನನಗೆ ಬೇರೆ ರೂಟು ಬಿದ್ದಿತ್ತು. ಮತ್ತೆ ಮನಗೂಳಿಯಲ್ಲಿ ಗಾಡಿ ನಿಂತಾಗ ಕಿಟಕಿಯ ಕೆಳಗೆ ಶಾಂತಾ ಇದ್ದಳು. ಆಯಿ ಹೋಗಿ ಆಗಲೇ ಮೂರು ದಿನವಾಗಿತ್ತು. ಮಧ್ಯಾಹ್ನ ಉಂಡು ಕಂಬಳಿಯ ಮೇಲೆ ಮಲಗಿದವಳು ಏಳಲಿಲ್ಲವಂತೆ. ನಾನು ಇಳಿದು ಆ ಮನೆಯ ಕಟ್ಟೆಯ ಮೇಲೆ ಕುಂತೆ. ಗಾಡಿ ನಿಂತಿದೆ ಎನ್ನುವುದೂ ನೆನಪಾಗಲಿಲ್ಲ.

"ಅಕ್ಕಾರ, ನಿಮಗೊಂದು ಹೇಳಬೇಕ್ರಿ," ಎಂದಳು ಶಾಂತಾ. "ಅತ್ತಿ ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ಒಂದು ವರ್ಸ ಆತು, ಅವರ ಬೆರಳಿಗೆ ಏನೂ ತಿಳೀತಿದ್ದಿಲ್ರಿ. ಶುಗರ್ ಇತ್ತಲ್ರಿ, ಮೊದಲ ಪಾದ ಜೋಮು ಹಿಡದ್ವು, ಆಮ್ಯಾಲ ಬೆರಳು. ಹಂಚಿನ ಮ್ಯಾಲ ಬೆರಳು ಇಟ್ಟು ಹಂಗ ಕುಂತಿದ್ರು, ಸುಟ್ಟ ವಾಸನಿ ಬಂದ ಮ್ಯಾಲ ನಾ ಓಡಿ ಬಂದು ತಗದೇನ್ರಿ. ನಾಡಿ ಹಿಡದ್ರ ಏನೂ ಕೇಳತಿದ್ದಿಲ್ಲ. ನಾಡಿ ಕೇಳಲಾರದ ಹೊಟ್ಟಿ ಹೆಂಗ ಮುಟ್ಟಲಿ ಅಂತ ಬಂದವರನ್ನೆಲ್ಲಾ ದವಾಖಾನಿಗೆ ಕಳಸ್ತಿದ್ರು. ಮಂದಿ ಅಂದದ್ದೆಲ್ಲಾ ಕಿವಿಗೆ ಬೀಳ್ತಿತ್ತು ಅವರಿಗೆ. ಅನ್ಲಿ ಬಿಡ, ಇನ್ನೊಬ್ಬ ಲಗಮವ್ವ ಆಗಬಾರದು ಅಂತಿದ್ರು."

"ಮತ್ತ ನನ್ನ ನಾಡಿ? ದಿನಾ ಹೇಳ್ತಿದ್ಲಲ್ಲ?"

"ನಿಮ್ಮದು ನೆನಪಿನ ಮ್ಯಾಲ ಹೇಳತಿದ್ರು. ಸುವರ್ಣಾನ ನಾಡಿ ನನಗ ಬಾಯಿಪಾಠ ಐತಿ, ಕೇಳಬೇಕಂತಿಲ್ಲ, ಕೈ ಹಿಡದ್ರ ಆಕಿಗೆ ಧೈರ್ಯ ಬರತೈತಿ ಅಂತಿದ್ರು. ಅವತ್ತು ನೀವು ಸರಿ ಆಗೈತಿ ಅಂದ್ರಲ್ರಿ, ಮನಿಗೆ ಬಂದು ಅತ್ತರು. ಕುಂಟೂದು ಬಿಟ್ಟೈತಂತ, ನನಗ ಅದನ್ನ ಕೇಳೂ ನಸೀಬ ಇಲ್ಲ ನೋಡ ಅಂದ್ರು."

ಸ್ಟ್ಯಾಂಡಿನಲ್ಲಿ ಮಹಾಂತೇಶ ಹಾರ್ನು ಹೊಡೆಯಲಿಲ್ಲ. ಇಡೀ ಬಸ್ಸಿನ ಎದುರು ತಪ್ಪಿದಿ ಎಂದು ಚಪ್ಪಾಳೆ ತಟ್ಟಿದವಳು ನಾನು. ನನ್ನ ಜೋರು ಬಾಯಿಯನ್ನು ನಾನೇ ಅಷ್ಟು ಶಪಿಸಿಕೊಂಡದ್ದು ಅದೇ ಮೊದಲು.

ಈಗಲೂ ಗಾಡಿ ಮನಗೂಳಿಯಲ್ಲಿ ನಿಲ್ಲುತ್ತದೆ. ಅಭ್ಯಾಸಬಲದಿಂದ ಕೈ ಕಿಟಕಿಯ ಹೊರಗೆ ಹೋಗುತ್ತದೆ, ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಮುಂಗೈಯನ್ನು ನಾನೇ ಹಿಡಿದು, ಮೂರು ಬೆರಳು ಊರಿ, ಕಣ್ಣು ಮುಚ್ಚಿ ಎಣಿಸುತ್ತೇನೆ. ಕುಂಟುತ್ತಿಲ್ಲ. "ನಡೀತೈತಿ ಆಯಿ" ಎನ್ನುತ್ತೇನೆ ಮೆಲ್ಲಗೆ, ಆಕೆ ನಿಲ್ಲುತ್ತಿದ್ದ ಜಾಗ ನೋಡಿ. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಸೀಟಿ ಹೊಡೆಯುತ್ತೇನೆ.